ಮನೆ ಬೂದಿ, ಮರ ಹಸಿರು: ಪ್ಯಾರಡೈಸ್‌ನಲ್ಲಿ ಆಗಿದ್ದೇನು?

ಒಂದು ಫೋಟೋ ಕಲ್ಪಿಸಿಕೊಳ್ಳಿ. ಮನೆ ಪೂರ್ತಿ ಬೂದಿ. ಪಕ್ಕದ ಪೈನ್ ಮರ ಹಸಿರಾಗೇ ನಿಂತಿದೆ! ಕಾರಿನ ಚಕ್ರದ ಅಲ್ಯೂಮಿನಿಯಂ ಕರಗಿ ನೆಲದ ಮೇಲೆ ಹರಿದು ಗಟ್ಟಿಯಾಗಿದೆ. 2018ರ ನವೆಂಬರ್ 8, ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರನ್ನು ಕಾಡ್ಗಿಚ್ಚು ಸುಟ್ಟ ದಿನ. ‘ಆಕಾಶದಿಂದ ಲೇಸರ್ ಬಿಟ್ಟು ಸುಟ್ಟಿದ್ದಾರೆ’ ಅಂತ ಸುದ್ದಿ ಹಬ್ಬಿತು.

ನಿಜ ಬೇರೆ. ಜೋರು ಗಾಳಿಗೆ ಕೆಂಡದ ಚೂರುಗಳು ಬೆಂಕಿಗಿಂತ ಮುಂದೆ ಹಾರಿ ಬರುತ್ತವೆ. ಅಟ್ಟದ ಗಾಳಿಕಿಂಡಿಯೊಳಗೆ ನುಗ್ಗುತ್ತವೆ, ಸೂರಿನ ಅಂಚಲ್ಲಿ ಬಿದ್ದಿರುವ ತರಗೆಲೆಗೆ ತಗಲುತ್ತವೆ. ಮನೆ ಒಳಗಿಂದಲೇ ಹೊತ್ತಿಕೊಳ್ಳುತ್ತೆ. ಅಲ್ಲಿಂದ ಪಕ್ಕದ ಮನೆಗೆ. ಹಸಿ ಮರದಲ್ಲಿ ನೀರಿರುತ್ತೆ, ಅಷ್ಟು ಸುಲಭಕ್ಕೆ ಹೊತ್ತಲ್ಲ. ಅಲ್ಯೂಮಿನಿಯಂ ಕರಗೋಕೆ 660 ಡಿಗ್ರಿ ಸೆಲ್ಸಿಯಸ್ ಸಾಕು. ಹೊತ್ತಿ ಉರಿಯುವ ಕಾರಿನ ಶಾಖ ಅದನ್ನು ದಾಟುತ್ತೆ.

ಹಾಗಾದರೆ ಮೊದಲ ಕಿಡಿ? ತನಿಖೆ ಹೋಗಿ ನಿಂತಿದ್ದು ಪಿಜಿ ಅಂಡ್ ಇ ಕಂಪನಿಯ ವಿದ್ಯುತ್ ಗೋಪುರದ ಬುಡದಲ್ಲಿ. ತಂತಿಯನ್ನು ಎತ್ತಿ ಹಿಡಿದಿದ್ದ, ಸುಮಾರು ನೂರು ವರ್ಷ ಹಳೆಯ ಕೊಕ್ಕೆಯೊಂದು ಸವೆದು ಸವೆದು ತುಂಡಾಗಿತ್ತು. ಬದಲಾಯಿಸಬಹುದಾಗಿದ್ದ ಒಂದು ಕೊಕ್ಕೆ! ಲೇಸರ್ ಕಥೆ ಹಂಚಿದಷ್ಟೂ ಈ ನಿರ್ಲಕ್ಷ್ಯ ಮರೆಯಾಗುತ್ತೆ, ನನಗೆ ಸಿಟ್ಟು ಬರೋದು ಅದಕ್ಕೇ.

ಸತ್ತವರು 85 ಮಂದಿ. 2020ರಲ್ಲಿ ಕಂಪನಿ 84 ಸಾವುಗಳ ಅಪರಾಧವನ್ನು ಕೋರ್ಟಿನಲ್ಲಿ ಒಪ್ಪಿಕೊಂಡಿತು.