ಕಡಲ ತಳ ತೋರುವ ಪರದೆ: ಹೊಳಪಿಗಿಂತ ನೆರಳನ್ನು ನೋಡಿ

ಕರಾವಳಿಯಲ್ಲಿ ಗದ್ದೆಯ ಜೊತೆಗೆ ದೋಣಿಯನ್ನೂ ನಂಬಿ ಬದುಕುವ ಕುಟುಂಬಗಳು ಹಲವು. ಎಳೆಯುವ ಬಲೆ ಒಮ್ಮೆ ಬಂಡೆಗೆ ಸಿಕ್ಕಿ ಹರಿದರೆ ಅಂದಿನ ಮೀನು, ಸುಟ್ಟ ಡೀಸೆಲ್, ಬಲೆ ಮೂರೂ ನಷ್ಟ. ಸೈಡ್ ಸ್ಕ್ಯಾನ್ ಸೋನಾರ್ ಎಂಬ ಯಂತ್ರ ಈ ನಷ್ಟವನ್ನು ತಗ್ಗಿಸಬಲ್ಲದು. ಆದರೆ ಅದರ ಪರದೆಯನ್ನು ಓದಲು ತಿಳಿದಿರಬೇಕು.

ಕೆಲಸ ಮಾಡುವ ಬಗೆ

ಸಾಮಾನ್ಯ ಎಕೋ ಸೌಂಡರ್ ದೋಣಿಯ ನೇರ ಕೆಳಗಿನ ಆಳವನ್ನೂ ಮೀನನ್ನೂ ತೋರಿಸುತ್ತದೆ. ಸೈಡ್ ಸ್ಕ್ಯಾನ್ ಎಡಬಲಕ್ಕೆ ಓರೆಯಾಗಿ ಶಬ್ದದ ಅಲೆ ಕಳಿಸುತ್ತದೆ. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ. ಹೋದ ಅಲೆ ಮರಳಿ ಬರಲು ಹಿಡಿದ ಹೊತ್ತಿನಿಂದ ಯಂತ್ರ ದೂರವನ್ನು ಲೆಕ್ಕ ಹಾಕುತ್ತದೆ. ರಾತ್ರಿ ಉತ್ತ ಗದ್ದೆಯ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದರೆ ಪ್ರತಿಯೊಂದು ಹೆಂಟೆಯ ಹಿಂದೆಯೂ ನೆರಳು ಬೀಳುವುದಷ್ಟೆ. ಇಲ್ಲಿಯೂ ಹಾಗೆಯೇ.

ಪರದೆಯ ಗುರುತುಗಳು

1. ನಡುವಿನ ಕಪ್ಪು ಪಟ್ಟಿ ದೋಣಿಯ ಅಡಿಯ ನೀರು. ಅದು ಅಗಲವಾದರೆ ಆಳ ಹೆಚ್ಚಿತೆಂದು ತಿಳಿಯಬೇಕು.

2. ಗಟ್ಟಿ ತಳ, ಬಂಡೆ ಹೊಳೆಯುತ್ತವೆ. ಮೆತ್ತನೆಯ ಕೆಸರು ಮಂಕಾಗಿ ಕಾಣುತ್ತದೆ.

3. ಹೊಳಪು ಮೊದಲು, ಅದರಾಚೆ ಕಪ್ಪು ನೆರಳು ಇದ್ದರೆ ಅದು ಎದ್ದುನಿಂತ ವಸ್ತು. ನೆರಳು ಮೊದಲು, ಹೊಳಪು ಆಮೇಲೆ ಇದ್ದರೆ ಅದು ಗುಂಡಿ.

4. ಹೊಳೆಯುವ ಚುಕ್ಕಿಗಳಿಗೂ ಅವುಗಳ ನೆರಳಿಗೂ ನಡುವೆ ಅಂತರವಿದ್ದರೆ, ತಳದಿಂದ ಮೇಲೆ ಈಜುತ್ತಿರುವ ಮೀನಿನ ಗುಂಪಿರಬಹುದು.

ಎತ್ತರದ ಲೆಕ್ಕ

ನೆರಳಿನ ಉದ್ದವನ್ನು ಯಂತ್ರದ ಕೆಳಗಿನ ನೀರಿನ ಆಳದಿಂದ ಗುಣಿಸಿ, ಪರದೆಯ ನಡುಗೆರೆಯಿಂದ ನೆರಳಿನ ತುದಿಗಿರುವ ದೂರದಿಂದ ಭಾಗಿಸಬೇಕು. ನೆರಳು 6 ಮೀಟರ್, ಆಳ 20 ಮೀಟರ್, ತುದಿಯ ದೂರ 60 ಮೀಟರ್ ಎನ್ನೋಣ. ಆಗ ವಸ್ತುವಿನ ಎತ್ತರ 2 ಮೀಟರ್. ತಳ ಸಮತಟ್ಟಾಗಿದ್ದರೆ ಈ ಲೆಕ್ಕ ಸರಿಹೋಗುತ್ತದೆ. ಬಲೆ ಎಳೆಯುವವನಿಗೆ ಅಷ್ಟು ಎತ್ತರದ ಬಂಡೆ ಸಣ್ಣದಲ್ಲ.

ಮರೆಯಬಾರದ ಮಾತು

ಈ ಪರದೆ ತೋರಿಸುವುದು ಪಕ್ಕದಲ್ಲಿ ದಾಟಿ ಬಂದ ತಳವನ್ನು; ದೋಣಿಯ ಮುಂದಿರುವುದನ್ನಲ್ಲ. ಆದ್ದರಿಂದ ಬಲೆ ಬಿಡುವ ಮೊದಲು ಆ ಜಾಗದಲ್ಲಿ ಒಮ್ಮೆ ನಿಧಾನವಾಗಿ, ನೇರವಾಗಿ ದೋಣಿ ನಡೆಸಿ ನೋಡಬೇಕು. ತಿರುವಿನಲ್ಲಿ ಚಿತ್ರ ಸೊಟ್ಟಗಾಗುತ್ತದೆ. ಬಂಡೆ ಕಂಡಲ್ಲಿ ಜಿ.ಪಿ.ಎಸ್.ನಲ್ಲಿ ಗುರುತು ಹಾಕಿಕೊಂಡು ಇತರ ತಾಂಡೇಲರಿಗೂ ತಿಳಿಸುವುದು ಲೇಸು. ಅಗತ್ಯಕ್ಕಿಂತ ಹೆಚ್ಚು ಅಗಲ ನೋಡಲು ಹೊರಟರೆ ಸಣ್ಣ ವಸ್ತುಗಳು ಕಾಣದೆ ಹೋಗುತ್ತವೆ.

ಸೋನಾರಿನ ಬೆಲೆಯನ್ನು ಮಲ್ಪೆಯ ಜನರಿಗೆ ಹೇಳಬೇಕಾಗಿಲ್ಲ. 2018ರ ಡಿಸೆಂಬರಿನಲ್ಲಿ ಅಲ್ಲಿಂದ ಹೊರಟ 'ಸುವರ್ಣ ತ್ರಿಭುಜ' ದೋಣಿ ಏಳು ಮೀನುಗಾರರೊಡನೆ ಕಾಣೆಯಾಯಿತು. ಅದರ ಅವಶೇಷವನ್ನು 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದಾಚೆ ಸಮುದ್ರದ ತಳದಲ್ಲಿ ನೌಕಾಪಡೆಯ 'ನಿರೀಕ್ಷಕ್' ಹಡಗು ಪತ್ತೆಮಾಡಿತು. ಹೋದ ಜೀವ ಮರಳಲಿಲ್ಲ. ಕಾದು ಕುಳಿತ ಮನೆಗಳಿಗೆ ಉತ್ತರವಾದರೂ ಸಿಕ್ಕಿತು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವೆ. ಆಗ ಸೋನಾರಿನ ತಳಭಾಗಕ್ಕೆ ಅಂಟಿದ ಚಿಪ್ಪು, ಪಾಚಿಗಳನ್ನು ಮೆತ್ತಗೆ ತೆಗೆದು, ತಂತಿಗಳನ್ನು ಪರೀಕ್ಷಿಸಿಕೊಳ್ಳಿರಿ. ಮೀನುಗಾರಿಕೆ ಮತ್ತೆ ಆರಂಭವಾದಾಗ, ನಿಮಗೆ ಚೆನ್ನಾಗಿ ತಿಳಿದ ಒಂದು ಬಂಡೆಯ ಪಕ್ಕದಲ್ಲಿ ಮೊದಲು ದೋಣಿ ನಡೆಸಿ. ಗೊತ್ತಿರುವ ಬಂಡೆ ಪರದೆಯಲ್ಲಿ ಹೇಗೆ ಕಾಣುವುದೆಂದು ಕಲಿತವರಿಗೆ ಗೊತ್ತಿಲ್ಲದ ಬಂಡೆಯನ್ನು ಗುರುತಿಸುವುದು ಸುಲಭ.