ಮಾತ್ರೆ ನಿಂತಾಗ ಓಡುವ ನಾಡಿ

ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್, ಅಟೆನೊಲಾಲ್. ಎದೆಬಡಿತದ ಏರುಪೇರಿಗೋ ಬಿಪಿಗೋ ವೈದ್ಯರು ಬರೆದುಕೊಟ್ಟ ಈ ಮಾತ್ರೆಗಳು ಎಷ್ಟೋ ಮನೆಗಳ ಔಷಧ ಡಬ್ಬಿಯಲ್ಲಿವೆ. ಇವು ‘ಬೀಟಾ ಬ್ಲಾಕರ್’ ಎಂಬ ಕುಟುಂಬಕ್ಕೆ ಸೇರಿದವು. ಒಮ್ಮೆಲೇ ನಿಲ್ಲಿಸಬಾರದು ಎಂಬ ಎಚ್ಚರಿಕೆ ಇವಕ್ಕೆ ಅಂಟಿಕೊಂಡೇ ಇದೆ. ಅಮೆರಿಕದಲ್ಲಿ ಆ ಮಾತನ್ನು ಮಾಹಿತಿ ಪತ್ರದ ಮೇಲೆ ಚೌಕಟ್ಟು ಹಾಕಿ ಅಚ್ಚು ಮಾಡುತ್ತಾರೆ. ಔಷಧ ಮೊದಲು ಬಂದಾಗ ಈ ಎಚ್ಚರಿಕೆ ಇರಲಿಲ್ಲ. ವೈದ್ಯರು ಅದನ್ನು ಕಲಿಯಲು ಹತ್ತು ವರ್ಷ ಹಿಡಿಯಿತು.

ಕಥೆಯ ಬೇರು 1948ರಲ್ಲಿದೆ. ಅಡ್ರಿನಲಿನ್‌ನಂಥ ರಾಸಾಯನಿಕಗಳಿಗೆ ದೇಹದಲ್ಲಿ ಆಲ್ಫಾ ಮತ್ತು ಬೀಟಾ ಎಂಬ ಎರಡು ಬಗೆಯ ಗ್ರಾಹಕಗಳಿವೆ ಎಂದು ಅಮೆರಿಕದ ರೇಮಂಡ್ ಆಲ್ಕ್ವಿಸ್ಟ್ ಆ ವರ್ಷ ಪ್ರತಿಪಾದಿಸಿದರು. ಹೃದಯವನ್ನು ಓಡಿಸುವುದು ಬೀಟಾ. ಈ ಮಾತಿಗೆ ಆಗ ಯಾರೂ ಹೆಚ್ಚು ಬೆಲೆ ಕೊಡಲಿಲ್ಲ. ಕೊಟ್ಟವರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಎದೆನೋವಿನ ರೋಗಿಯ ಹೃದಯಕ್ಕೆ ಹೆಚ್ಚು ಆಮ್ಲಜನಕ ತಲುಪಿಸಲು ಎಲ್ಲರೂ ಹೆಣಗುತ್ತಿದ್ದಾಗ, ಬೀಟಾ ಗ್ರಾಹಕಗಳನ್ನು ತಡೆದು ಅದರ ಕೆಲಸವನ್ನೇ ತಗ್ಗಿಸಿದರೆ ಹೇಗೆ ಎಂದು ಅವರು ಯೋಚಿಸಿದರು. 1958ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿ ಸೇರಿದರು. ಮೊದಲ ಔಷಧ ಪ್ರೊನೆಥಲಾಲ್ ಇಲಿಗಳಲ್ಲಿ ಗಡ್ಡೆ ತಂದಿತು, ಅದನ್ನು ಕೈಬಿಡಬೇಕಾಯಿತು. ಅದರ ಬೆನ್ನಿಗೇ ಬಂದ ಪ್ರೊಪ್ರನೊಲಾಲ್ ಗೆದ್ದಿತು. 1988ರಲ್ಲಿ ಬ್ಲ್ಯಾಕ್ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ತೊಂದರೆ ಕಾಣಿಸಿಕೊಂಡದ್ದು ಮಾತ್ರೆ ನುಂಗುತ್ತಿದ್ದವರಲ್ಲಲ್ಲ, ಬಿಟ್ಟವರಲ್ಲಿ. 1975ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ವರದಿ ಬಂತು. ಪ್ರೊಪ್ರನೊಲಾಲ್ ದಿಢೀರನೆ ನಿಲ್ಲಿಸಿದ ಎದೆನೋವಿನ ರೋಗಿಗಳಲ್ಲಿ ಕೆಲವರಿಗೆ ಎರಡು ವಾರದೊಳಗೆ ನೋವು ಮೊದಲಿಗಿಂತ ಜೋರಾಗಿ ಮರುಕಳಿಸಿತ್ತು. ಹೃದಯಾಘಾತ, ಸಾವು ಕೂಡ ಸಂಭವಿಸಿದ್ದವು.

ಇದರಲ್ಲೊಂದು ವಿಪರ್ಯಾಸವಿದೆ. ಆ ದಶಕದ ಆರಂಭದಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಎರಡು ವಾರ ಮುಂಚೆಯೇ ಈ ಮಾತ್ರೆ ನಿಲ್ಲಿಸಿ ಎಂದು ಸಲಹೆ ಕೊಡುತ್ತಿದ್ದ ತಜ್ಞರಿದ್ದರು. ಔಷಧದಿಂದ ಮಂದಗೊಂಡ ಹೃದಯ ಅರಿವಳಿಕೆಯನ್ನು ತಾಳಲಾರದು ಎಂಬ ಭಯ ಅವರದು. ಈಗ ಪದ್ಧತಿ ತಿರುವುಮುರುವಾಗಿದೆ: ಮೊದಲಿನಿಂದ ತೆಗೆದುಕೊಳ್ಳುತ್ತಿರುವವರಿಗೆ ಸಾಮಾನ್ಯವಾಗಿ ಆಪರೇಷನ್ ವೇಳೆಯೂ ಬೀಟಾ ಬ್ಲಾಕರ್ ಮುಂದುವರಿಸುತ್ತಾರೆ.

ಮಾತ್ರೆ ಬಿಟ್ಟಾಗ ಹೀಗೇಕಾಗುತ್ತದೆ? ಉತ್ತರ ಸಿಕ್ಕಿದ್ದು 1980ರ ಸುಮಾರಿಗೆ. ಮೆಲುದನಿ ಕೇಳಿಸದವರು ಕಿವಿಯ ಹಿಂದೆ ಅಂಗೈ ಒಡ್ಡುವ ಹಾಗೆ, ಅಡ್ರಿನಲಿನ್ ಸಂದೇಶ ತಲುಪದ ಜೀವಕೋಶವೂ ಬೀಟಾ ಗ್ರಾಹಕಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಪ್ರೊಪ್ರನೊಲಾಲ್ ತೆಗೆದುಕೊಂಡವರ ಬಿಳಿ ರಕ್ತಕಣಗಳಲ್ಲಿ ಈ ಗ್ರಾಹಕಗಳು ಸುಮಾರು ಶೇ 40ರಷ್ಟು ಏರಿದ್ದವು. ರಕ್ತದಲ್ಲಿನ ಪ್ರೊಪ್ರನೊಲಾಲ್ ಮೂರರಿಂದ ಆರು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಹೆಚ್ಚುವರಿ ಗ್ರಾಹಕಗಳು ಹಾಗಲ್ಲ, ಕೆಲವು ದಿನ ಉಳಿಯುತ್ತವೆ. ಅಪಾಯವಿರುವುದು ಈ ನಡುವಿನ ದಿನಗಳಲ್ಲೇ. ಮಾಮೂಲಿ ಅಡ್ರಿನಲಿನ್‌ಗೂ ಹೃದಯ ಅತಿಯಾಗಿ ಓಗೊಡುತ್ತದೆ. ನಾಡಿ ಓಡುತ್ತದೆ, ಬಿಪಿ ಏರುತ್ತದೆ, ಕೈ ನಡುಗುತ್ತದೆ.

ಎಟ್ರಿಯಲ್ ಫಿಬ್ರಿಲೇಶನ್ ಇರುವವರಿಗೆ ಇದರ ಬಿಸಿ ಇನ್ನೂ ಬೇಗ ತಟ್ಟುತ್ತದೆ. ಈ ತೊಂದರೆಯಲ್ಲಿ ಹೃದಯದ ಮೇಲಿನ ಕೋಣೆಗಳಲ್ಲಿ ನಿಮಿಷಕ್ಕೆ 350ಕ್ಕೂ ಹೆಚ್ಚು ವಿದ್ಯುತ್ ಸ್ಪಂದನಗಳು ಅಡ್ಡಾದಿಡ್ಡಿ ಏಳುತ್ತವೆ. ಎಲ್ಲವೂ ಕೆಳಗಿಳಿಯದಂತೆ ತಡೆಯುವುದು ನಡುವಿನ ಎವಿ ನೋಡ್. ಬೀಟಾ ಬ್ಲಾಕರ್ ಈ ತಡೆಯನ್ನು ಬಿಗಿ ಮಾಡುತ್ತದೆಯೇ ಹೊರತು ಮೇಲಿನ ಗದ್ದಲವನ್ನು ಅಡಗಿಸುವುದಿಲ್ಲ. ಹಾಗಾಗಿ ಮಾತ್ರೆ ನಿಂತರೆ ಕುಳಿತಲ್ಲೇ ಬಡಿತ ನೂರು ದಾಟಿಬಿಡಬಹುದು.

ಎಲ್ಲ ಔಷಧಗಳೂ ಹೀಗೆ ವರ್ತಿಸುವುದಿಲ್ಲ. 1961ರಲ್ಲಿ ಬೆಲ್ಜಿಯಂನಲ್ಲಿ ತಯಾರಾದ ಅಮಿಯೊಡರೋನ್ ಮೊದಲು ಎದೆನೋವಿನ ಮಾತ್ರೆಯಾಗಿತ್ತು. ಅದು ಬಡಿತದ ಲಯವನ್ನೂ ತಿದ್ದಬಲ್ಲದು ಎಂಬ ಸುಳಿವನ್ನು 1970ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕೊಟ್ಟವರಲ್ಲಿ ಒಬ್ಬರು, ಫಿಜಿಯ ಭಾರತೀಯ ಮೂಲದ ಬ್ರಮಾ ಸಿಂಗ್. ಈ ಔಷಧ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ದೀರ್ಘಕಾಲ ನುಂಗಿದವರಲ್ಲಿ ಅದು ಅರ್ಧಕ್ಕಿಳಿಯಲು ಸರಾಸರಿ 58 ದಿನ ಬೇಕು. ನಿಲ್ಲಿಸಿದ ವಾರ ನಾಡಿ ನೆಟ್ಟಗೇ ಇರುತ್ತದೆ. ಬದಲಾವಣೆ ತಿಂಗಳುಗಳ ಮೇಲೆ ಕಾಣಬಹುದು. ಅಷ್ಟರಲ್ಲಿ ರೋಗಿಗೆ ತಾನು ಮಾತ್ರೆ ಬಿಟ್ಟದ್ದೇ ಮರೆತಿರುತ್ತದೆ.

ಬೀಟಾ ಬ್ಲಾಕರ್‌ಗಳ ಈ ಅನುಭವದಿಂದ ವೈದ್ಯಲೋಕ ರೂಢಿಸಿಕೊಂಡ ಕ್ರಮ ಸರಳ. ಮೆಟೊಪ್ರೊಲಾಲ್ ನಿಲ್ಲಿಸಬೇಕಾದರೆ ಒಂದೆರಡು ವಾರಗಳಲ್ಲಿ ಪ್ರಮಾಣ ಇಳಿಸುತ್ತ ಬರುತ್ತಾರೆ. ಪ್ರೊಪ್ರನೊಲಾಲ್‌ಗೆ ಕೆಲವು ವಾರ. ಆ ಅವಧಿಯಲ್ಲಿ ಹೆಚ್ಚು ಶ್ರಮ ಬೇಡವೆನ್ನುತ್ತಾರೆ. ಆರಾಮವಾಗಿದ್ದೇನೆ ಎಂದೋ, ಊರಿಗೆ ಹೋದಾಗ ಪಟ್ಟಿ ಮುಗಿಯಿತೆಂದೋ ಇವನ್ನು ಬಿಡಬೇಡಿ. ಬಿಟ್ಟುಹೋಗಿ ಎದೆ ಹೊಡೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಕೂಡಲೇ ತಿಳಿಸಿ. ಎದೆನೋವು, ಉಬ್ಬಸ, ತಲೆಸುತ್ತು ಜೊತೆಗೂಡಿದರೆ ಕಾಯದೆ ಆಸ್ಪತ್ರೆಗೆ ಹೋಗಿ.