ಹಳೆಯ ಲಾರಿಗೆ ಹೊಸ ತಂತಿಕಟ್ಟು

ಮುಂಬಯಿಯ ಶಿವಡಿಯಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು 1928ರಲ್ಲಿ ತೆರೆದ ಜೋಡಣೆಯ ಕಾರ್ಖಾನೆಯು 1954ರವರೆಗೆ ನಡೆಯಿತು. ಅಲ್ಲಿಂದ ಹೊರಬಂದ ಷೆವರ್ಲೆ ಲಾರಿಗಳಲ್ಲಿ ಅಳಿದುಳಿದವನ್ನು ಈಗ ಅಭಿಮಾನಿಗಳು ಜೀರ್ಣೋದ್ಧಾರ ಮಾಡಿಸುವುದುಂಟು. ಎಂಜಿನ್ನಿಗೂ ಬಣ್ಣಕ್ಕೂ ಹಣವನ್ನು ಧಾರಾಳವಾಗಿ ಸುರಿಯುವವರು, ಒಳಗೆ ಅಡಗಿರುವ ತಂತಿಗಳ ವಿಷಯ ಬಂದಾಗ ಮಾತ್ರ ಕೈಗೆ ಸಿಕ್ಕಿದ್ದನ್ನು ಕೊಂಡು ತೃಪ್ತರಾಗುತ್ತಾರೆ. ಲಾರಿಗೆ ಬೆಂಕಿ ಹತ್ತುವುದು ಬಣ್ಣ ಮಾಸಿದ್ದರಿಂದಲ್ಲ.

ಡೈನಮೋ, ಬ್ಯಾಟರಿ, ದೀಪ, ಹಾರ್ನು, ಮಾಪಕಗಳನ್ನು ಕೂಡಿಸುವ ತಂತಿಗಳನ್ನೆಲ್ಲ ಒಟ್ಟಿಗೆ ಹೆಣೆದು, ಬೇಕಾದೆಡೆ ಕವಲೊಡೆಸಿದ ಕಟ್ಟಿಗೆ ಇಂಗ್ಲಿಷಿನಲ್ಲಿ ಹಾರ್ನೆಸ್ ಎಂದು ಹೆಸರು. ಬಂಡಿಯ ಕುದುರೆಯ ಸರಂಜಾಮಿನಿಂದ ಎರವಲಾಗಿ ಬಂದ ಮಾತದು. ಗ್ಯಾರೇಜಿನಲ್ಲಿ 'ವೈರಿಂಗ್' ಎಂದರೆ ಸಾಕು. ಇಲ್ಲಿ ತಂತಿಕಟ್ಟು ಎಂದು ಕರೆಯುತ್ತೇನೆ. ಆ ಕಾಲದ ತಂತಿಗೆ ರಬ್ಬರಿನ ಹೊದಿಕೆ, ಅದರ ಮೇಲೆ ಮೆರುಗೆಣ್ಣೆ ಬಳಿದ ಹತ್ತಿನೂಲಿನ ಹೆಣಿಗೆ. ನೂಲಿನಲ್ಲಿ ಸೇರಿಸಿದ ಬಣ್ಣದ ಎಳೆಯೇ ತಂತಿಯ ಗುರುತು. ದೀರ್ಘಕಾಲದ ಬಿಸಿಯಿಂದ ರಬ್ಬರು ಗಡುಸಾಗಿ, ಬಾಗಿಸಿದಲ್ಲಿ ಬಿರಿದು ಉದುರುತ್ತದೆ. ಹೊರಗಿನ ನೂಲು ಮಾತ್ರ ನೆಟ್ಟಗೆ ಕಾಣುವುದರಿಂದ ಮೋಸಹೋಗುವುದು ಸುಲಭ.

ಅಮೆರಿಕದ ವ್ಯಾಪಾರಿಗಳು ವಾಹನದ ವರ್ಷವನ್ನು ಕೇಳಿ ತಂತಿಕಟ್ಟನ್ನು ಕಳುಹಿಸುತ್ತಾರೆ. ವರ್ಷವೊಂದನ್ನೇ ನಂಬುವುದು ಅಪಾಯಕರ. 1947ರಿಂದ ಬಂದ ಷೆವರ್ಲೆ ಲಾರಿಗಳ ಮಾದರಿ 1955ರ ಪೂರ್ವಭಾಗದವರೆಗೂ 6 ವೋಲ್ಟಿನದಾಗಿತ್ತು. ಅದೇ ವರ್ಷ ಬಂದ ಹೊಸ ಮಾದರಿ 12 ವೋಲ್ಟಿನದು. ಹೀಗೆ 1955 ಎಂಬ ಒಂದೇ ಅಂಕೆಗೆ ಎರಡು ಅರ್ಥಗಳಿವೆ. ಇದರ ಮೇಲೆ, ಹಿಂದಿನ ಒಡೆಯರಲ್ಲಿ ಯಾರೋ 6ನ್ನು 12ಕ್ಕೆ ಬದಲಾಯಿಸಿರುವುದೂ ಅಪರೂಪವಲ್ಲ. ಹಳೆಯ ರೀತಿಯ ಬ್ಯಾಟರಿಯಾದರೆ ಬಿರಡೆಗಳನ್ನು ಎಣಿಸಿದರೆ ತಿಳಿಯುತ್ತದೆ: ಮೂರಿದ್ದರೆ 6 ವೋಲ್ಟ್, ಆರಿದ್ದರೆ 12.

ಈ ಭೇದವೇಕೆ ಮುಖ್ಯವೆಂಬುದನ್ನು ಒಂದು ಲೆಕ್ಕದಿಂದ ನೋಡಬಹುದು. 45 ವಾಟಿನ ಎರಡು ಮುಂದೀಪಗಳು 6 ವೋಲ್ಟಿನಲ್ಲಿ 15 ಆಂಪಿಯರ್ ಪ್ರವಾಹವನ್ನು ಎಳೆಯುತ್ತವೆ. 12 ವೋಲ್ಟಿನಲ್ಲಿ ಅದರ ಅರ್ಧ ಸಾಕು. ಅಮೆರಿಕದ ಗೇಜಿನಲ್ಲಿ ಅಂಕೆ ಹೆಚ್ಚಿದಷ್ಟೂ ತಂತಿ ತೆಳು. 16 ಗೇಜಿನ 20 ಅಡಿ ತಂತಿಯ ತಡೆ ಸುಮಾರು 0.08 ಓಮ್. ಆ ತಂತಿಯಲ್ಲಿ 15 ಆಂಪಿಯರ್ ಹರಿದರೆ 1.2 ವೋಲ್ಟ್ ದಾರಿಯಲ್ಲಿಯೇ ವ್ಯಯವಾಗುತ್ತದೆ, ಎಂದರೆ ಐದರಲ್ಲೊಂದು ಪಾಲು. ದೀಪದ ಪ್ರಕಾಶವು ವೋಲ್ಟಿಗಿಂತ ಬಹು ವೇಗವಾಗಿ ಕುಗ್ಗುವುದರಿಂದ ಬೆಳಕು ಅರ್ಧಕ್ಕೆ ಇಳಿಯುತ್ತದೆ. 12 ಗೇಜಿನ ತಂತಿಯಲ್ಲಾದರೆ ನಷ್ಟ ಅರ್ಧ ವೋಲ್ಟಿಗೂ ಕಡಮೆ. ಆದುದರಿಂದ 6 ವೋಲ್ಟಿನ ದಪ್ಪ ತಂತಿಯನ್ನು 12ಕ್ಕೆ ನಿಶ್ಚಿಂತೆಯಿಂದ ಬಳಸಬಹುದು. ತಿರುಗಿಸಿ ಮಾಡಿದರೆ ದೀಪಗಳು ಮಂಕಾಗುತ್ತವೆ, ತಂತಿ ಬಿಸಿಯೇರುತ್ತದೆ.

ಮುಂಬಯಿಯ ಲಾರಿಗೆ ಇನ್ನೊಂದು ತೊಡಕಿದೆ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ. ನಮ್ಮಲ್ಲಿ ಚಾಲಕನ ಪೀಠ ಬಲಗಡೆಗೆ, ಅಮೆರಿಕದಲ್ಲಿ ಎಡಗಡೆಗೆ. ಚಾಲಕನೊಡನೆ ಮಾಪಕಗಳು, ಹಾರ್ನಿನ ತಂತಿ, ಕಾಲಿನಿಂದ ಒತ್ತುವ ಡಿಪ್ಪರ್ ಗುಂಡಿ, ಬ್ರೇಕು ದೀಪದ ಸ್ವಿಚ್ಚು ಎಲ್ಲವೂ ಬಲಕ್ಕೆ ಸರಿದಿವೆ. ಅಲ್ಲಿಂದ ತರಿಸಿದ ತಂತಿಕಟ್ಟು ಬಣ್ಣ ಗೇಜುಗಳಲ್ಲಿ ನಿರ್ದುಷ್ಟವಾಗಿದ್ದರೂ ಒಂದು ಕವಲು ಮೊಳದಷ್ಟು ಮೋಟು, ಇನ್ನೊಂದು ಮೊಳದಷ್ಟು ಉದ್ದ. ಮೋಟಾದುದಕ್ಕೆ ಗಂಟು ಹಾಕಿದರೆ ಆ ಗಂಟೇ ಮುಂದಿನ ಕೇಡಿನ ತಾಣ. ಉದ್ದವಾದುದು ಸೈಲೆನ್ಸರಿನ ಕೊಳವೆಯ ಮೇಲೆ ಜೋಲುತ್ತದೆ. ಇಂಥ ಲಾರಿಗೆ ಹಳೆಯ ಕಟ್ಟನ್ನೇ ಮಾದರಿಯಾಗಿಟ್ಟುಕೊಂಡು, ಹಲಗೆಯ ಮೇಲೆ ಮೊಳೆ ಹೊಡೆದು ಹೊಸತನ್ನು ಹೆಣೆಯಬಲ್ಲ ಊರಿನ ಎಲೆಕ್ಟ್ರಿಷಿಯನ್ನನೇ ಮೇಲು. ಹಡಗಿನಲ್ಲಿ ಬಂದದ್ದೆಲ್ಲ ಉತ್ತಮವೆಂಬ ಭ್ರಮೆ ನಮ್ಮನ್ನು ಇನ್ನೂ ಬಿಟ್ಟಿಲ್ಲ.

ನಮ್ಮ ಲಾರಿಗಳಲ್ಲಿ ಅನೇಕವಕ್ಕೆ ಹಿಂಭಾಗವನ್ನು ಇಲ್ಲಿಯ ಬಡಗಿಗಳು ಮರದಿಂದ ಕಟ್ಟಿದರು. ದೀಪದ ಪ್ರವಾಹ ಉಕ್ಕಿನ ಚಾಸಿಯ ಮೂಲಕ ಬ್ಯಾಟರಿಗೆ ಹಿಂದಿರುಗಬೇಕು. ಮರದಲ್ಲಿ ಅದು ಹರಿಯದು. ಹಿಂದೀಪಗಳಿಗೆ ಬೇರೆ ಅರ್ತಿಂಗ್ ತಂತಿಯನ್ನು ಆಗಲೇ ಸೇರಿಸಿ ಹೆಣೆಸಬೇಕು. ದಿಕ್ಕು ತೋರುವ ದೀಪಗಳಿಗೆ ಮೂಲ ಕಟ್ಟಿನಲ್ಲಿ ತಂತಿಯೇ ಇಲ್ಲದಿರಬಹುದು. ಇಂದಿನ ರಸ್ತೆಗೆ ಅವೂ ಬೇಕು.

ಡೈನಮೋವನ್ನು ತೆಗೆದು ಆಲ್ಟರ್ನೇಟರ್ ಹಾಕಿದವರು ಇನ್ನಷ್ಟು ಎಚ್ಚರದಿಂದಿರಬೇಕು. ಸ್ಟಾರ್ಟರಿನದೊಂದನ್ನುಳಿದು ಬ್ಯಾಟರಿಯ ಪ್ರವಾಹವೆಲ್ಲ ಚಾಲಕನ ಮುಂದಿನ ಆಂಪಿಯರ್ ಮಾಪಕದ ಮೂಲಕವೇ ಸಾಗುತ್ತದೆ. 60 ಆಂಪಿಯರ್ ಕೊಡಬಲ್ಲ ಯಂತ್ರಕ್ಕೆ ಹಳೆಯ ಮಾಪಕವನ್ನೂ ಹಳೆಯ ಗೇಜನ್ನೂ ಉಳಿಸಿಕೊಂಡರೆ ಮೊದಲು ಸುಡುವುದು ಅಲ್ಲಿಯೇ. ಬ್ಯಾಟರಿಯ ಯಾವ ತುದಿ ಚಾಸಿಗೆ ಸೇರಿದೆ ಎಂಬುದನ್ನೂ ನೋಡಬೇಕು. ಷೆವರ್ಲೆಯಲ್ಲಿ ಅದು ಋಣ. 1955ರವರೆಗಿನ ಫೋರ್ಡಿನಲ್ಲಿ ಧನ. ತಪ್ಪಿಸಿ ಜೋಡಿಸಿದರೆ ಆಲ್ಟರ್ನೇಟರಿನ ಡಯೋಡುಗಳು ಕ್ಷಣದಲ್ಲಿ ನಾಶವಾಗುತ್ತವೆ.

ನೂಲಿನ ಹೆಣಿಗೆಯೋ ಪ್ಲಾಸ್ಟಿಕ್ಕಿನ ಹೊದಿಕೆಯೋ ಎಂಬ ವಾದದಲ್ಲಿ ನಾನು ಮಧ್ಯಮಮಾರ್ಗಿ. ಒಳಗೆ ಪ್ಲಾಸ್ಟಿಕ್, ಹೊರಗೆ ಹಳೆಯ ಬಣ್ಣಗಳ ನೂಲು ಇರುವ ತಂತಿ ದೊರೆಯುತ್ತದೆ. ಬೆಲೆ ಹೆಚ್ಚಾದರೂ ಕಣ್ಣಿಗೂ ಸುರಕ್ಷಿತತೆಗೂ ಒಪ್ಪುತ್ತದೆ. ಫ್ಯೂಸುಗಳನ್ನು ಮಾತ್ರ ಮೂಲದಲ್ಲಿದ್ದಷ್ಟಕ್ಕೇ ಬಿಡದೆ, ದೀಪ, ಹಾರ್ನುಗಳಿಗೆ ಬೇರೆಬೇರೆಯಾಗಿ ಸೇರಿಸುವುದು ಒಳ್ಳೆಯದು. ಹಳೆಯ ಕಟ್ಟನ್ನು ಕಳಚುವ ಮುನ್ನ ಒಂದೊಂದು ತುದಿಗೂ ಚೀಟಿ ಕಟ್ಟಬೇಕು. ಹೊಸ ದೀಪಗಳೆಲ್ಲ ಒಮ್ಮೆ ಉರಿಯುವವರೆಗೆ ಅದನ್ನು ಗುಜರಿಯವನಿಗೆ ಕೊಡಬಾರದು.